ಕಾಣದ ಅಲೆಗಳ ಜಾಡು ಹಿಡಿದ ಜಗದೀಶಚಂದ್ರ ಬೋಸ್

ರೇಡಿಯೋ ಅಲೆ ಕಣ್ಣಿಗೆ ಕಾಣದು, ಕಿವಿಗೆ ಕೇಳದು. ಅದು ಬಂದಿದೆಯೇ, ಬಂದಿದ್ದರೆ ಅದರ ಬಲವೆಷ್ಟು ಎಂಬುದನ್ನು ತಿಳಿಸಲು ಒಂದು ಸಂವೇದಕ ಬೇಕು. ಯಾವ ಕೆಲಸಕ್ಕೆ ಯಾವ ಸಂವೇದಕ ತಕ್ಕುದೆಂದು ಪರೀಕ್ಷಿಸುತ್ತ ವರ್ಷಗಟ್ಟಲೆ ದುಡಿದವರು ಆಚಾರ್ಯ ಜಗದೀಶಚಂದ್ರ ಬೋಸರು.

ಬೋಸರು 1858ರ ನವೆಂಬರ್ 30ರಂದು, ಈಗ ಬಾಂಗ್ಲಾದೇಶಕ್ಕೆ ಸೇರಿದ ಮೈಮನ್‌ಸಿಂಗ್‌ನಲ್ಲಿ ಜನಿಸಿದರು. ತಂದೆ ಭಗವಾನ್‌ಚಂದ್ರರು ಸರಕಾರದ ಅಧಿಕಾರಿ. ಅಂಥ ಮನೆಗಳ ಮಕ್ಕಳು ಇಂಗ್ಲಿಷ್ ಶಾಲೆಗೆ ಹೋಗುವುದೇ ವಾಡಿಕೆಯಾಗಿದ್ದ ಕಾಲವದು. ಆದರೆ ತಂದೆ ಮಗನನ್ನು ಬಂಗಾಲಿ ಪಾಠಶಾಲೆಗೆ ಸೇರಿಸಿದರು. ಬೆಸ್ತರ ಮಗನ ಪಕ್ಕದಲ್ಲಿ ಕುಳಿತು ಬಾಲಕ ಬೋಸ್ ಅಕ್ಷರ ಕಲಿತ. ಗಡಿನಾಡಿನಲ್ಲಿ ಮಕ್ಕಳನ್ನು ಕನ್ನಡ ಶಾಲೆಗೆ ಕಳುಹಿಸುತ್ತಿರುವ ನಾವು ಈ ಸಂಗತಿಯನ್ನು ನೆನಪಿನಲ್ಲಿಡಬೇಕು.

ಮುಂದೆ ಕಲ್ಕತ್ತೆಯ ಸೇಂಟ್ ಝೇವಿಯರ್ಸ್‌ನಲ್ಲಿಯೂ ಇಂಗ್ಲೆಂಡಿನ ಕೇಂಬ್ರಿಜ್‌ನಲ್ಲಿಯೂ ಓದಿ, 1885ರಲ್ಲಿ ಅವರು ಕಲ್ಕತ್ತೆಯ ಪ್ರೆಸಿಡೆನ್ಸಿ ಕಾಲೇಜಿನಲ್ಲಿ ಅಧ್ಯಾಪಕರಾದರು. ಯುರೋಪಿಯನ್ನರಿಗಿಂತ ಕಡಿಮೆ ವೇತನ ಕೊಟ್ಟಾಗ ಮೂರು ವರ್ಷ ವೇತನವನ್ನೇ ಮುಟ್ಟದೆ ಪಾಠ ಹೇಳಿದರು. ಕೊನೆಗೆ ಸರಕಾರ ಪೂರ್ಣ ವೇತನವನ್ನು ಹಿಂದಿನ ಬಾಕಿ ಸಹಿತ ಕೊಡಬೇಕಾಯಿತು.

1894ರಲ್ಲಿ ಬೋಸರು ರೇಡಿಯೋ ಅಲೆಗಳ ಸಂಶೋಧನೆಗೆ ಕೈಹಾಕಿದರು. ಅವರು ಹುಟ್ಟಿಸಿದ ಅಲೆಗಳು ಬಹಳ ಕಿರಿದು. ಕೆಲವುಗಳ ಉದ್ದ ಕೇವಲ 5 ಮಿಲಿಮೀಟರ್. ಅವುಗಳನ್ನು ಹಿಡಿಯುವುದು ಹೇಗೆ? ಆಗ ಬಳಕೆಯಲ್ಲಿದ್ದುದು ಕೊಹಿರರ್, ಅಂದರೆ ಲೋಹದ ಪುಡಿ ತುಂಬಿದ ಗಾಜಿನ ಕೊಳವೆ. ಅಲೆ ತಾಗಿದೊಡನೆ ಪುಡಿ ಅಂಟಿಕೊಂಡು ವಿದ್ಯುತ್ತಿಗೆ ದಾರಿ ಕೊಡುತ್ತಿತ್ತು. ಆದರೆ ಮತ್ತೊಂದು ಅಲೆಯನ್ನು ಹಿಡಿಯಬೇಕಾದರೆ ಕೊಳವೆಯನ್ನು ತಟ್ಟಿ ಪುಡಿಯನ್ನು ಬಿಡಿಸಬೇಕು. ಬಂಗಾಲದ ತೇವದ ಹವೆಯಲ್ಲಿ ಲೋಹದ ಮೈ ಬೇಗನೆ ಕೆಡುತ್ತಿತ್ತು.

ಬೋಸರು ಪುಡಿಯನ್ನು ಬಿಟ್ಟು ಸಣ್ಣ ಉಕ್ಕಿನ ಸುರುಳಿಗಳನ್ನು ಸಾಲಾಗಿಟ್ಟರು. ಒತ್ತಡವನ್ನು ಬೇಕಾದಂತೆ ಹೊಂದಿಸಲು ಅನುಕೂಲವಾಯಿತು. 1895ರಲ್ಲಿ ಕಲ್ಕತ್ತೆಯ ಟೌನ್ ಹಾಲಿನಲ್ಲಿ ಗೋಡೆಯನ್ನು ದಾಟಿಹೋದ ಅಲೆ ಗಂಟೆ ಬಾರಿಸಿದಾಗ ಸಭಿಕರು ಬೆರಗಾದರು. 1899ರಲ್ಲಿ ಕಬ್ಬಿಣ ಮತ್ತು ಪಾದರಸದ ಸಂವೇದಕವನ್ನು ಪ್ರಕಟಿಸಿದರು. ಅದನ್ನು ತಟ್ಟುವ ಅಗತ್ಯವಿರಲಿಲ್ಲ. ನಂತರ ಗೆಲೀನ ಎಂಬ ಸೀಸದ ಅದಿರಿನ ಹರಳನ್ನು ಆರಿಸಿಕೊಂಡರು. 1901ರಲ್ಲಿ ಸಲ್ಲಿಸಿದ ಅರ್ಜಿಗೆ 1904ರಲ್ಲಿ ಅಮೆರಿಕದ ಪೇಟೆಂಟ್ ದೊರೆಯಿತು. ಅದೂ ಸ್ನೇಹಿತರ ಒತ್ತಾಯದಿಂದ. ಅದರಿಂದ ಹಣ ಮಾಡುವ ಮನಸ್ಸು ಅವರಿಗಿರಲಿಲ್ಲ.

ಇಂದು ರೇಡಿಯೋ ಶಕ್ತಿಯನ್ನು ಅಳೆಯುವ ಮೀಟರುಗಳಲ್ಲಿರುವ ಡಯೋಡ್ ಸಂವೇದಕ ಆ ಹರಳಿನ ವಂಶಕ್ಕೆ ಸೇರಿದ್ದು. ಇನ್ನೊಂದು ಬಗೆ ಶಾಖದ ಸಂವೇದಕ: ಅಲೆಯನ್ನು ಹೀರಿ ಬಿಸಿಯಾಗಿ, ಆ ಬಿಸಿಯಿಂದ ಶಕ್ತಿಯನ್ನು ತಿಳಿಸುತ್ತದೆ. ಅಲೆಯ ರೂಪ ಹೇಗೇ ಇರಲಿ, ಇದು ಸರಾಸರಿ ಶಕ್ತಿಯನ್ನು ಸರಿಯಾಗಿ ಹೇಳುತ್ತದೆ. ಆದರೆ ಇದು ನಿಧಾನ. ಸುಮಾರು ಒಂದು ಮೈಕ್ರೋವಾಟ್‌ಗಿಂತ ಕ್ಷೀಣವಾದುದು ಇದಕ್ಕೆ ಸುಲಭವಾಗಿ ನಿಲುಕದು. ಡಯೋಡ್ ಚುರುಕು, ಅದಕ್ಕಿಂತ ಸಾವಿರಾರು ಪಾಲು ಕ್ಷೀಣವಾದ ಅಲೆಯನ್ನೂ ಗುರುತಿಸುತ್ತದೆ. ಆದರೆ ಸುಮಾರು 10 ಮೈಕ್ರೋವಾಟ್ ಮೀರಿದರೆ ಅದರ ಲೆಕ್ಕ ತಪ್ಪತೊಡಗುತ್ತದೆ, ತಿದ್ದುಪಡಿ ಬೇಕಾಗುತ್ತದೆ. ಚಿನ್ನದ ತಕ್ಕಡಿಯಲ್ಲಿ ಸೌದೆ ತೂಗುವುದುಂಟೆ? ಏರಿಳಿಯುವ ಅಲೆಯ ಸರಾಸರಿ ಬೇಕಾದರೆ ಶಾಖದ್ದು, ಕ್ಷೀಣವಾದುದನ್ನೋ ಕ್ಷಣದಲ್ಲಿ ಬಂದು ಹೋಗುವುದನ್ನೋ ಹಿಡಿಯಬೇಕಾದರೆ ಡಯೋಡ್. ಎರಡರಲ್ಲಿ ಮೇಲು ಕೀಳಿಲ್ಲ.

ಮುಂದೆ ಬೋಸರ ಮನಸ್ಸು ಸಸ್ಯಗಳತ್ತ ಹರಿಯಿತು. ಗಿಡ ಕೂದಲೆಳೆಯಷ್ಟು ಬೆಳೆದರೂ ತೋರಿಸುವ ಕ್ರೆಸ್ಕೋಗ್ರಾಫ್ ರಚಿಸಿದರು. 1917ರಲ್ಲಿ ಕಲ್ಕತ್ತೆಯಲ್ಲಿ ಬೋಸ್ ಸಂಶೋಧನಾ ಮಂದಿರವನ್ನು ಸ್ಥಾಪಿಸಿದರು. 1920ರಲ್ಲಿ ರಾಯಲ್ ಸೊಸೈಟಿಯ ಸದಸ್ಯತ್ವ ಲಭಿಸಿತು. 1937ರ ನವೆಂಬರ್ 23ರಂದು ಗಿರಿಡೀಹ್‌ನಲ್ಲಿ ಕಾಲವಾದರು.

ಪರದೇಶದ ಉಪಕರಣ ತಮ್ಮ ನೆಲದ ಹವೆಗೆ ಒಗ್ಗದಿದ್ದಾಗ ಬೋಸರು ಹವೆಯನ್ನು ಹಳಿಯಲಿಲ್ಲ, ಕೈಕಟ್ಟಿ ಕೂರಲೂ ಇಲ್ಲ. ಒಗ್ಗುವಂಥದನ್ನು ತಾವೇ ಮಾಡಿಕೊಂಡರು. ವಿದ್ಯಾರ್ಥಿಗಳೇ, ಪ್ರಯೋಗಶಾಲೆಯಲ್ಲಿ ಮೀಟರನ್ನು ಕೈಗೆತ್ತಿಕೊಳ್ಳುವ ಮೊದಲು ಯಾವುದನ್ನು ಅಳೆಯಲಿದ್ದೇವೆ ಎಂದು ನಾವು ಒಂದು ನಿಮಿಷ ಯೋಚಿಸೋಣ.