ಜೋಜಿಲಾ ಏರಿದ ಸೇನಾನಿ

ಅರಕಲಗೂಡಿನ ಸೀಮೆಗೆ ಕಾವೇರಿ ಹರಿದು ಬರುವುದು ಕೊಡಗಿನಿಂದ. ಆ ಕೊಡಗಿನ ಮಡಿಕೇರಿಯಲ್ಲಿ 1906ರಲ್ಲಿ ಜನಿಸಿದವರು ಕೊಡಂದೇರ ಸುಬ್ಬಯ್ಯ ತಿಮ್ಮಯ್ಯನವರು.

1948ರಲ್ಲಿ ಕಾಶ್ಮೀರದ ಸೇನಾವಿಭಾಗವೊಂದು ಅವರ ಅಧೀನದಲ್ಲಿತ್ತು. ಶತ್ರುಗಳು ಜೋಜಿಲಾ ಘಟ್ಟವನ್ನು ಹಿಡಿದು ಲೇಹ್ ಪಟ್ಟಣದ ದಾರಿಯನ್ನು ಕಡಿದಿದ್ದರು. ಸೆಪ್ಟೆಂಬರಿನಲ್ಲಿ ಕಾಲ್ದಳದ ದಾಳಿಗಳು ವಿಫಲವಾದವು. ಚಳಿಗಾಲದ ಹಿಮ ಬಿದ್ದರೆ ಘಟ್ಟವೇ ಮುಚ್ಚಿಹೋಗುವುದು. ಲೇಹ್‌ನ ರಕ್ಷಕರು ಒಂಟಿಯಾಗುವರು. 11,500 ಅಡಿಗಳಿಗೂ ಮೀರಿದ ಆ ಎತ್ತರಕ್ಕೆ ಟ್ಯಾಂಕುಗಳನ್ನೇ ಏರಿಸಲು ತಿಮ್ಮಯ್ಯನವರು ನಿಶ್ಚಯಿಸಿದರು.

ಅದಾದರೋ ಹೇಸರಗತ್ತೆಗಳು ನಡೆಯುವ ಜಾಡು! ಟ್ಯಾಂಕುಗಳ ಫಿರಂಗಿ ಗೋಪುರಗಳನ್ನು ಕಳಚಿ, ಗುಟ್ಟಾಗಿ ಶ್ರೀನಗರವನ್ನು ದಾಟಿಸಿ, ಘಟ್ಟದ ಬುಡದ ಬಾಲ್ತಾಲ್ ಶಿಬಿರಕ್ಕೆ ತಂದರು. ಬೆಂಗಳೂರನ್ನು ನೆಲೆಯಾಗಿ ಉಳ್ಳ ಮದರಾಸು ಸ್ಯಾಪರ್ಸ್ ದಳದವರು ಬೆಟ್ಟದ ಮಗ್ಗುಲನ್ನು ಕಡಿದು ರಸ್ತೆ ಮಾಡಿದರು. ಅಷ್ಟರಲ್ಲಿ ಹವೆ ಕೆಟ್ಟಿತು, ದಾಳಿಯನ್ನು ಮುಂದೂಡಬೇಕಾಯಿತು. ಕೊರೆಯುವ ಚಳಿಯ ಆ ಕಾಯುವಿಕೆ ಕಾದಾಟಕ್ಕಿಂತ ಕಠಿನವಾಗಿದ್ದಿರಬೇಕು.

ನವೆಂಬರ್ 1ರಂದು ಟ್ಯಾಂಕುಗಳು ಹೊರಟವು. ಸೇನಾಪತಿ ಶಿಬಿರದಲ್ಲಿಯೇ ಉಳಿಯಬಹುದಾಗಿತ್ತು. ತಿಮ್ಮಯ್ಯನವರು ಮುಂಚೂಣಿಯ ಟ್ಯಾಂಕನ್ನೇರಿದರು. ಅಲ್ಲಿ ಟ್ಯಾಂಕನ್ನು ಕನಸಿನಲ್ಲಿಯೂ ನಿರೀಕ್ಷಿಸದಿದ್ದ ಶತ್ರುಗಳು ಹಿಮ್ಮೆಟ್ಟಿದರು. ಅದೇ ತಿಂಗಳಲ್ಲಿ ದ್ರಾಸ್, ಕಾರ್ಗಿಲ್ ಕೈಸೇರಿ ಲೇಹ್‌ನ ದಾರಿ ತೆರೆಯಿತು.

1957ರಿಂದ 1961ರವರೆಗೆ ಅವರು ಭೂಸೇನೆಯ ಮುಖ್ಯಸ್ಥರಾಗಿದ್ದರು. ಸೈಪ್ರಸ್ ದ್ವೀಪದಲ್ಲಿ ವಿಶ್ವಸಂಸ್ಥೆಯ ಶಾಂತಿಪಡೆಯನ್ನು ನಡೆಸುತ್ತಿದ್ದಾಗಲೇ, 1965ರ ಡಿಸೆಂಬರ್ 18ರಂದು ತೀರಿಕೊಂಡರು.