ಮಲಗುವ ಮುನ್ನ ಬರೆದ ಲೆಕ್ಕ

ಲಂಡನ್ನಿಗೆ ಕಾನೂನು ಓದಲು ಹೋಗಿದ್ದ 19ರ ಹುಡುಗನೊಬ್ಬ ಮೂರು ಪೌಂಡ್ ಕೊಟ್ಟು ಪಿಟೀಲು ಕೊಂಡ. ಸಂಗೀತದ ಹುಚ್ಚಿನಿಂದಲ್ಲ. ಡಾನ್ಸ್ ಕ್ಲಾಸಿಗೆ ಸೇರಿದ್ದ, ಪಿಯಾನೊ ತಾಳಕ್ಕೆ ಕಾಲು ಹೊಂದುತ್ತಿರಲಿಲ್ಲ. ಪಿಟೀಲು ಕಲಿತರೆ ಕಿವಿಯಾದರೂ ಪಳಗೀತು ಎಂದುಕೊಂಡ. ಅದಕ್ಕೂ ಮೊದಲೇ ಬಾಂಡ್ ಸ್ಟ್ರೀಟಿನಲ್ಲಿ ಹತ್ತು ಪೌಂಡಿನ ಸೂಟು ಹೊಲಿಸಿಯಾಗಿತ್ತು. 19 ಷಿಲಿಂಗಿನ ಎತ್ತರದ ಟೋಪಿ ಬಂದಿತ್ತು. ಗಡಿಯಾರಕ್ಕೆ ಎರಡೆಳೆಯ ಚಿನ್ನದ ಸರವನ್ನು ಊರಿನಿಂದ ಅಣ್ಣ ಕಳಿಸಿದ್ದ. ದಿನಾ ಹತ್ತು ನಿಮಿಷ ಕನ್ನಡಿ ಮುಂದೆ ಟೈ, ಕ್ರಾಪಿನ ಸೇವೆ. ಭಾಷಣ ಕಲೆಯ ಪಾಠ ಬೇರೆ.

1888ರ ಸೆಪ್ಟೆಂಬರಿನಲ್ಲಿ ಮುಂಬೈಯಿಂದ ಹಡಗು ಹತ್ತಿದ್ದ ಆ ಹುಡುಗನೇ ಮೋಹನದಾಸ ಗಾಂಧಿ.

ನಾನು ಈ ಭಾಗ ಓದಿದಾಗ ನಗಲಿಲ್ಲ. ಬ್ಯಾಂಕ್ ಪರೀಕ್ಷೆಗೆ ಓದುತ್ತಾ ಪಿ.ಜಿ.ಯಲ್ಲಿರುವ ನನಗೆ ಅಪ್ಪ ಕಳಿಸುವ ದುಡ್ಡು 20ನೇ ತಾರೀಕಿಗೇ ಮುಗಿದಿರುತ್ತದೆ. ಎಲ್ಲಿ ಹೋಯಿತು ಎಂದರೆ ಉತ್ತರವಿಲ್ಲ. ಎಲ್ಲವೂ ಹತ್ತು, ಇಪ್ಪತ್ತು, ನಲವತ್ತು ರೂಪಾಯಿಗಳೇ. ಸ್ಕ್ಯಾನ್ ಮಾಡಿದ್ದಷ್ಟೇ ನೆನಪು.

ಗಾಂಧೀಜಿಯವರ ಈ ಮೋಹ ಸುಮಾರು ಮೂರು ತಿಂಗಳಲ್ಲಿ ಇಳಿಯಿತು. ತಾನು ಇಂಗ್ಲೆಂಡಿನಲ್ಲೇ ಉಳಿಯುವವನಲ್ಲ, ಓದಲು ಬಂದವನು ಎಂಬುದು ಹೊಳೆಯಿತು. ಪಾಠಗಳನ್ನು ಬಿಟ್ಟರು, ಬಂದ ಬೆಲೆಗೆ ಪಿಟೀಲನ್ನು ಮಾರಿಕೊಡುವಂತೆ ಟೀಚರನ್ನೇ ಕೇಳಿಕೊಂಡರು. ಬಟ್ಟೆಯ ಶೋಕಿ ಮಾತ್ರ ಇನ್ನೂ ಕೆಲವು ವರ್ಷ ಬಿಡಲಿಲ್ಲ. ಇದನ್ನು ಅವರು ಮುಚ್ಚಿಟ್ಟಿಲ್ಲ ಎನ್ನುವುದೇ ನನಗೆ ಸಮಾಧಾನ.

ಶೋಕಿಯ ನಡುವೆಯೂ ಒಂದು ಅಭ್ಯಾಸವನ್ನು ಅವರು ಬಿಟ್ಟಿರಲಿಲ್ಲ. ಕುದುರೆ ಬಸ್ಸಿನ ಚಾರ್ಜು, ಅಂಚೆಚೀಟಿ, ಪೇಪರಿಗೆ ಕೊಟ್ಟ ಒಂದೆರಡು ಕಾಸು, ಎಲ್ಲವನ್ನೂ ಬರೆದಿಟ್ಟು ರಾತ್ರಿ ಮಲಗುವ ಮುನ್ನ ಲೆಕ್ಕ ಸರಿದೂಗಿಸುತ್ತಿದ್ದರು. ಆ ಪುಸ್ತಕ ನೋಡಿದಾಗಲೇ ಖರ್ಚಿನ ದಾರಿಗಳು ಕಂಡವು. ಅವರಿದ್ದದ್ದು ಒಂದು ಕುಟುಂಬದ ಜೊತೆ, ವಾರಕ್ಕಿಷ್ಟು ಎಂದು ಕೊಟ್ಟು. ಹೊರಗೆ ಉಂಡರೂ ಮನೆಯ ಬಿಲ್ಲು ಇಳಿಯುತ್ತಿರಲಿಲ್ಲ. ಮರ್ಯಾದೆಗೆಂದು ಮನೆಯವರನ್ನು ಆಗಾಗ ಹೊರಗೆ ಕರೆದೊಯ್ದರೆ ಆ ಖರ್ಚೂ ಇವರದೇ. ಕೇಳಿದಾಗಲೆಲ್ಲ ಹಣ ಕಳಿಸುತ್ತಿದ್ದ ಅಣ್ಣನ ಕಷ್ಟವೂ ಕಣ್ಣಿಗೆ ಕಟ್ಟಿತು.

ಹಾಗಾಗಿ ಬೇರೆ ಕೋಣೆ ಹಿಡಿದರು. ಅದೂ ಕೆಲಸವಿದ್ದ ಕಡೆಗೆ ಅರ್ಧ ಗಂಟೆಯಲ್ಲಿ ನಡೆದು ಹೋಗುವಷ್ಟು ದೂರದಲ್ಲಿ. ಮೊದಲು ಬಸ್ಸಿಗೆ ದುಡ್ಡು ಕೊಟ್ಟು, ವ್ಯಾಯಾಮಕ್ಕೆಂದು ಬೇರೆ ಸಮಯ ಹುಡುಕಬೇಕಿತ್ತು. ಈಗ ದಿನಕ್ಕೆ ಎಂಟು ಹತ್ತು ಮೈಲಿ ನಡಿಗೆ ತಾನಾಗಿ ಆಗುತ್ತಿತ್ತು, ದುಡ್ಡೂ ಉಳಿಯುತ್ತಿತ್ತು. ಖರ್ಚು ಅರ್ಧಕ್ಕಿಳಿಯಿತು. ಆಮೇಲೆ ಎರಡು ಕೋಣೆ ಬಿಟ್ಟು ಒಂದಕ್ಕೆ ಬಂದರು, ಒಂದು ಸ್ಟೌ ಕೊಂಡರು. ಬೆಳಿಗ್ಗೆ ಓಟ್ಸ್ ಗಂಜಿ, ಕೋಕೊ. ಇಪ್ಪತ್ತು ನಿಮಿಷವೂ ಬೇಡ. ಮಧ್ಯಾಹ್ನ ಹೊರಗೆ ಊಟ, ರಾತ್ರಿ ಬ್ರೆಡ್ಡು, ಕೋಕೊ. ದಿನದ ಖರ್ಚು ಒಂದು ಷಿಲಿಂಗ್ ಮೂರು ಪೆನ್ಸ್. ಬಿಗಿಯಾಗಿ ಓದಿದ್ದೂ ಇದೇ ದಿನಗಳಲ್ಲಿ. ಲಂಡನ್ ಮೆಟ್ರಿಕ್ಯುಲೇಷನ್ನಿನಲ್ಲಿ ಮೊದಲ ಸಲ ಲ್ಯಾಟಿನ್ ಕೈಕೊಟ್ಟಿತು, ಎರಡನೇ ಸಲ ಪಾಸಾದರು. 1891ರ ಜೂನ್ 10ರಂದು ಬ್ಯಾರಿಸ್ಟರ್ ಆದರು, 12ಕ್ಕೆ ಊರಿಗೆ ಹಡಗು ಹತ್ತಿದರು.

ಇಷ್ಟೆಲ್ಲ ಶಿಸ್ತಿದ್ದವರಿಗೆ ಊರಲ್ಲಿ ಹೂವಿನ ಹಾರ ಕಾದಿತ್ತೇ? ಇಲ್ಲ. ಮುಂಬೈಯ ಕೋರ್ಟಿನಲ್ಲಿ ಮೊದಲ ಕೇಸಿಗೆ ಎದ್ದು ನಿಂತರು, ತಲೆ ಸುತ್ತಿದಂತಾಯಿತು, ಬಾಯಿಂದ ಒಂದು ಪ್ರಶ್ನೆಯೂ ಹೊರಡಲಿಲ್ಲ. ತೆಗೆದುಕೊಂಡಿದ್ದ 30 ರೂಪಾಯಿ ಫೀಸು ಹಿಂದಿರುಗಿಸಿದರು. ಪೇಪರಿನಲ್ಲಿ ಜಾಹೀರಾತು ನೋಡಿ ಹೈಸ್ಕೂಲೊಂದರಲ್ಲಿ ದಿನಕ್ಕೊಂದು ಗಂಟೆ ಇಂಗ್ಲಿಷ್ ಹೇಳಿಕೊಡುವ ಕೆಲಸಕ್ಕೆ ಅರ್ಜಿ ಹಾಕಿದರು, ಸಂಬಳ 75 ರೂಪಾಯಿ. ಸಂದರ್ಶನಕ್ಕೆ ಕರೆದರು, ಪದವೀಧರನಲ್ಲ ಎಂದು ಗೊತ್ತಾಗಿ ವಾಪಸು ಕಳಿಸಿದರು. ಬ್ಯಾರಿಸ್ಟರ್ ಆದವರಿಗೂ ಅರ್ಹತೆ ಸಾಲದೆ ಹೋಯಿತು! ನಮ್ಮಲ್ಲಿ ಅನೇಕರಿಗೆ ಈ ಬಾಗಿಲ ಪರಿಚಯವಿದೆ. ಆಗಲೂ ಕೋರ್ಟಿಗೆ ಹೋಗಿ ಬರುವುದು ನಡೆದೇ, ಒಂದು ದಾರಿಗೆ ಮುಕ್ಕಾಲು ಗಂಟೆ.

1893ರಲ್ಲಿ ಒಂದು ವರ್ಷದ ಕೆಲಸಕ್ಕೆ, 105 ಪೌಂಡ್ ಸಂಬಳಕ್ಕೆ, ದಕ್ಷಿಣ ಆಫ್ರಿಕಾಕ್ಕೆ ಹೋದರು. ಅಲ್ಲಿ ಕಾಲರನ್ನು ತಾವೇ ಒಗೆದು ಇಸ್ತ್ರಿ ಮಾಡಿದರು. ಗಂಜಿ ಹೆಚ್ಚಾಗಿ ಕೋರ್ಟಿನಲ್ಲೇ ಉದುರತೊಡಗಿ ಜೊತೆಯ ವಕೀಲರು ನಕ್ಕರು. ಪ್ರಿಟೋರಿಯಾದಲ್ಲಿ ಬಿಳಿಯ ಕ್ಷೌರಿಕ ಕೂದಲು ಕತ್ತರಿಸಲು ಒಪ್ಪದಿದ್ದಾಗ ತಾವೇ ಕತ್ತರಿಸಿಕೊಂಡರು. ಹಿಂಬದಿ ಕೆಟ್ಟಿತು, ಮತ್ತೆ ನಗು.

1894ರಲ್ಲಿ ನೇಟಾಲ್ ಇಂಡಿಯನ್ ಕಾಂಗ್ರೆಸ್ ಹುಟ್ಟಿದಾಗ ಕಾರ್ಯದರ್ಶಿಯಾದರು. ತಿಂಗಳಿಗೆ ಕನಿಷ್ಠ ಐದು ಷಿಲಿಂಗ್ ಚಂದಾ. ಲಂಡನ್ನಿನ ಆ ರಾತ್ರಿ ಪುಸ್ತಕ ಇಲ್ಲಿ ಕೆಲಸಕ್ಕೆ ಬಂತು. ಚಂದಾ ಎತ್ತಲು ಹೋದ ಒಂದು ಊರಿನಲ್ಲಿ, ಆರು ಪೌಂಡ್ ಕೊಡಬಲ್ಲ ಆತಿಥೇಯರು ಮೂರರ ಮೇಲೆ ಏರಲೇ ಇಲ್ಲ. ಅವರಿಂದ ಕಡಿಮೆ ತೆಗೆದುಕೊಂಡರೆ ಉಳಿದವರೂ ಕೈ ಹಿಡಿಯುತ್ತಾರೆ. ಗಾಂಧೀಜಿ ಮತ್ತು ಜೊತೆಯವರು ಊಟ ಮುಟ್ಟದೆ ಇಡೀ ರಾತ್ರಿ ಕುಳಿತರು. ಬೆಳಗಿನ ಜಾವ ಆರು ಪೌಂಡೂ ಬಂತು, ಊಟವೂ ಬಂತು.

ಚಂದಾ ಕೊಟ್ಟವರು ಸಾಮಾನ್ಯವಾಗಿ ರಸೀದಿ ಕೇಳುತ್ತಿರಲಿಲ್ಲ. ಕೇಳದಿದ್ದರೂ ಗಾಂಧೀಜಿ ಬರೆದು ಕೈಗಿಡುತ್ತಿದ್ದರು.