ಸಣ್ಣ ತಪ್ಪನ್ನೂ ಬಿಡದ ಕೆಪ್ಲರ್

ಲೆಕ್ಕದ ಉತ್ತರ ತುಸು ತಪ್ಪಿದರೆ ಇರಲಿ ಎಂದು ನಾವು ಮುಂದೆ ಹೋಗುತ್ತೇವೆ. ಹಾಗೆ ಹೋಗದ ಒಬ್ಬನಿಂದ ಖಗೋಲ ವಿಜ್ಞಾನದ ದಾರಿಯೇ ಬದಲಾಯಿತು. ಆತನೇ ಜೊಹಾನ್ಸ್ ಕೆಪ್ಲರ್.

1571ರಲ್ಲಿ ಜರ್ಮನಿಯಲ್ಲಿ ಜನಿಸಿದ ಕೆಪ್ಲರನಿಗೆ ಎಳವೆಯಲ್ಲೇ ಸಿಡುಬು ತಗಲಿ ದೃಷ್ಟಿ ಮಂದವಾಯಿತು. ಆದರೂ ಆತ ಆಕಾಶವನ್ನು ಗಣಿತದ ಕಣ್ಣಿನಿಂದ ನೋಡಿದನು. 1600ರಲ್ಲಿ ಪ್ರಾಗ್ ನಗರಕ್ಕೆ ಹೋಗಿ ಟೈಕೊ ಬ್ರಾಹೆಯ ಸಹಾಯಕನಾದನು. ದೂರದರ್ಶಕವಿಲ್ಲದ ಆ ಕಾಲದಲ್ಲಿ ಟೈಕೊ ಹಲವು ವರ್ಷ ಗ್ರಹಗಳ ಸ್ಥಾನಗಳನ್ನು ಅಳೆದು ಬರೆದಿಟ್ಟಿದ್ದನು. ಮರುವರ್ಷ ಟೈಕೊ ತೀರಿಕೊಂಡಾಗ ಆ ಭಂಡಾರ ಕೆಪ್ಲರನ ಕೈಸೇರಿತು.

ಗ್ರಹಗಳ ಚಲನೆ ವೃತ್ತಗಳಲ್ಲೇ ಎಂದು ಕೊಪರ್ನಿಕಸನೂ ನಂಬಿದ್ದನು. ಕೆಪ್ಲರನು ಮಂಗಳನ ಪಥವನ್ನು ವೃತ್ತವೆಂದೇ ಲೆಕ್ಕ ಹಾಕಿದನು. ಲೆಕ್ಕಕ್ಕೂ ಟೈಕೊವಿನ ಅಳತೆಗೂ ಒಂದು ಡಿಗ್ರಿಯ ಅರುವತ್ತರಲ್ಲಿ ಎಂಟು ಪಾಲು ವ್ಯತ್ಯಾಸ ಬಂತು; ಹುಣ್ಣಿಮೆ ಚಂದ್ರನ ಅಗಲದ ಸುಮಾರು ಕಾಲು ಭಾಗ ಮಾತ್ರ! ಟೈಕೊ ಅಷ್ಟು ತಪ್ಪಲಾರನೆಂದು ಅರಿತ ಕೆಪ್ಲರನು ಶ್ರಮಪಟ್ಟು ಮಾಡಿದ ಲೆಕ್ಕವನ್ನೇ ತೊರೆದು ಮತ್ತೆ ತೊಡಗಿದನು. ಕೊನೆಗೆ ಆ ಪಥ ದೀರ್ಘವೃತ್ತವೆಂದೂ ಸೂರ್ಯನು ಅದರ ಒಂದು ನಾಭಿಯಲ್ಲಿರುವನೆಂದೂ ಕಂಡು 1609ರಲ್ಲಿ ಪ್ರಕಟಿಸಿದನು.

ತಾಯಿಯ ಮೇಲೆ ಮಾಟಗಾತಿಯೆಂಬ ಅಪವಾದ ಬಂದಾಗಲೂ ಅದೇ ಛಲದಿಂದ ಹೋರಾಡಿ, 1621ರಲ್ಲಿ ಆಕೆಯನ್ನು ಸೆರೆಯಿಂದ ಬಿಡಿಸಿದನು. 1630ರಲ್ಲಿ ರೇಗೆನ್ಸ್‌ಬುರ್ಗ್ ಎಂಬಲ್ಲಿ ನಿಧನನಾದನು.

ಇಂದು ಉಪಗ್ರಹಗಳ ಪಥಕ್ಕೂ ಆತನ ನಿಯಮಗಳೇ ಆಧಾರ. ತಪ್ಪಿದ ಲೆಕ್ಕವನ್ನು ಅಳಿಸಿ ಮತ್ತೆ ಬರೆಯಲು ನಾವೇಕೆ ನಾಚಬೇಕು?